ಕೈಗಾ ಮತ್ತು ಪಾವಗಡ: ಅಣುವಿದ್ಯುತ್ತನ್ನು ಬಿಸಿಲು, ಗಾಳಿಯ ಜತೆಗಿಟ್ಟು ತೂಗಿದಾಗ

ಕೈಗಾ ಅಣುಸ್ಥಾವರದ ಒಂದನೇ ಘಟಕವನ್ನು 2018ರ ಡಿಸೆಂಬರ್ 31ರಂದು ತಪಾಸಣೆಗೆಂದು ನಿಲ್ಲಿಸಿದಾಗ ಅದು 962 ದಿನ ಎಡೆಬಿಡದೆ ಓಡಿತ್ತು. 2016ರ ಮೇ 13ರಂದು ಶುರುವಾದ ಆ ಓಟ ಬ್ರಿಟನ್ನಿನ ಹೇಶಮ್ ಸ್ಥಾವರದ 940 ದಿನಗಳ ವಿಶ್ವದಾಖಲೆಯನ್ನು ಹಿಂದಕ್ಕೆ ಹಾಕಿತು. ಆ ದಾಖಲೆಯೂ ಬಹಳ ಕಾಲ ಉಳಿಯಲಿಲ್ಲ. 2020ರಲ್ಲಿ ಕೆನಡಾದ ಡಾರ್ಲಿಂಗ್‌ಟನ್ ಅದನ್ನು ದಾಟಿತು. ಅದೇ 2018ರ ಮಾರ್ಚ್ 1ರಂದು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ‘ಶಕ್ತಿಸ್ಥಳ’ ಸೌರ ಪಾರ್ಕಿನ ಮೊದಲ 600 ಮೆಗಾವ್ಯಾಟ್ ಉದ್ಘಾಟನೆಯಾಯಿತು. 2019ರ ಕೊನೆಯ ಹೊತ್ತಿಗೆ ಅದು 2,050 ಮೆಗಾವ್ಯಾಟ್‌ಗೆ ಬೆಳೆದಿತ್ತು. ಕೈಗಾ ಪಶ್ಚಿಮಘಟ್ಟದ ದಟ್ಟ ಕಾಡಿನ ನಡುವೆ, ಕಾಳಿ ನದಿಯ ಕದ್ರಾ ಜಲಾಶಯದ ದಂಡೆಯಲ್ಲಿದೆ. ಪಾವಗಡದ ಪಾರ್ಕು ಮಳೆಯನ್ನೇ ಮರೆತಂತಿರುವ ಬಯಲುಸೀಮೆಯಲ್ಲಿ, ಒಂದು ಕಾಲಕ್ಕೆ ಶೇಂಗಾ ಬೆಳೆಯುತ್ತಿದ್ದ ಹೊಲಗಳ ಮೇಲಿದೆ.

ಅಣುವಿದ್ಯುತ್ ಮೇಲೋ, ಸೂರ್ಯ ಮತ್ತು ಗಾಳಿಯ ವಿದ್ಯುತ್ ಮೇಲೋ ಎಂಬ ಪ್ರಶ್ನೆಯನ್ನು ಬರೀ ಸಿದ್ಧಾಂತದ ಮಟ್ಟದಲ್ಲಿ ಎತ್ತಿದರೆ ಅದು ಎಂದೂ ಮುಗಿಯದ ಜಗಳವಾಗುತ್ತದೆ. ಕರ್ನಾಟಕಕ್ಕೆ ಒಂದು ಅನುಕೂಲವಿದೆ: ಎರಡೂ ಇಲ್ಲಿ ದೊಡ್ಡ ಪ್ರಮಾಣದಲ್ಲಿ ಕೆಲಸ ಮಾಡುತ್ತಿವೆ. ಹಾಗಾಗಿ ಅಂದಾಜಿನ ಬದಲು ಅನುಭವವನ್ನೇ ತಕ್ಕಡಿಗೆ ಹಾಕಬಹುದು. ಹಾಗೆ ಹಾಕಿದಾಗ, ಯೂನಿಟ್ಟಿನ ಬೆಲೆಗಿಂತ ಯೂನಿಟ್ಟು ಬರುವ ಹೊತ್ತು, ಋತು ಮತ್ತು ಅದಕ್ಕೆ ಬಿಟ್ಟುಕೊಡಬೇಕಾದ ನೆಲವೇ ನಿರ್ಣಾಯಕ ಎಂಬುದು ಈ ಲೇಖನದ ವಾದ.

ಮೆಗಾವ್ಯಾಟ್ ಎಂಬ ಭ್ರಮೆ

ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ, ಒಟ್ಟು 880. ಪಾವಗಡದ್ದು 2,050. ಪತ್ರಿಕೆಯ ತಲೆಬರಹ ನೋಡಿದವರಿಗೆ ಪಾವಗಡ ಎರಡು ಪಟ್ಟಿಗಿಂತ ದೊಡ್ಡದು. ಆದರೆ ಮೆಗಾವ್ಯಾಟ್ ಹೇಳುವುದು ಯಂತ್ರದ ತಾಕತ್ತನ್ನು, ಅದು ವರ್ಷವಿಡೀ ಮಾಡಿದ ಕೆಲಸವನ್ನಲ್ಲ. ಅಣುಸ್ಥಾವರವೊಂದು ವರ್ಷದ ಸರಾಸರಿಯಲ್ಲಿ ತನ್ನ ಸಾಮರ್ಥ್ಯದ ಶೇ. 85ರಷ್ಟು ದುಡಿಯುತ್ತದೆ ಎಂದು ಹಿಡಿದರೆ ಕೈಗಾದಿಂದ ವರ್ಷಕ್ಕೆ ಸುಮಾರು 655 ಕೋಟಿ ಯೂನಿಟ್ ಬರಬೇಕು. ಸೌರಫಲಕ ರಾತ್ರಿ ಮಲಗುತ್ತದೆ, ಮೋಡಕ್ಕೆ ಮಂಕಾಗುತ್ತದೆ, ಬೆಳಗ್ಗೆ ಸಂಜೆ ಅರೆಬರೆ ಕೆಲಸ ಮಾಡುತ್ತದೆ. ಪಾವಗಡದಂಥ ಒಳ್ಳೆಯ ಬಿಸಿಲಿನ ಜಾಗದಲ್ಲೂ ಅದರ ಸರಾಸರಿ ಶೇ. 24ರ ಆಸುಪಾಸು. ಆ ಲೆಕ್ಕದಲ್ಲಿ 2,050 ಮೆಗಾವ್ಯಾಟ್‌ನಿಂದ ಬರುವುದು ಸುಮಾರು 430 ಕೋಟಿ ಯೂನಿಟ್. ಅಂದರೆ ಅರ್ಧಕ್ಕಿಂತ ಕಡಿಮೆ ಮೆಗಾವ್ಯಾಟ್ ಇಟ್ಟುಕೊಂಡು ಕೈಗಾ ಒಂದೂವರೆ ಪಟ್ಟು ವಿದ್ಯುತ್ ಕೊಡುತ್ತದೆ.

ಅಣುವಿದ್ಯುತ್ತಿನ ಪರವಾಗಿ ಮಾತಾಡುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬಾರದು, ಖರ್ಚಿನ ಲೆಕ್ಕ ಇನ್ನೂ ಬಾಕಿಯಿದೆ. 2017ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟ ಒಟ್ಟಿಗೆ ಹತ್ತು ದೇಶೀ ರಿಯಾಕ್ಟರ್‌ಗಳಿಗೆ ಒಪ್ಪಿಗೆ ಕೊಟ್ಟಿತು. ತಲಾ 700 ಮೆಗಾವ್ಯಾಟ್‌ನ ಆ ಹತ್ತರಲ್ಲಿ ಕೈಗಾದ ಐದು ಮತ್ತು ಆರನೇ ಘಟಕಗಳೂ ಸೇರಿವೆ. ಒಟ್ಟು ಅಂದಾಜು 1,05,000 ಕೋಟಿ ರೂಪಾಯಿ, ಮೆಗಾವ್ಯಾಟ್‌ಗೆ 15 ಕೋಟಿ. ದೊಡ್ಡ ಸೌರ ಪಾರ್ಕಿಗೆ ಈಗ ಮೆಗಾವ್ಯಾಟ್‌ಗೆ ನಾಲ್ಕೂವರೆ ಕೋಟಿ ಹಿಡಿಯೋಣ. ಮೇಲ್ನೋಟಕ್ಕೆ ಅಣುವಿನದು ಮೂರು ಪಟ್ಟಿಗೂ ಹೆಚ್ಚು ದುಬಾರಿ. ಆದರೆ ಒಂದು ಮೆಗಾವ್ಯಾಟ್ ಅಣುಸ್ಥಾವರ ವರ್ಷಕ್ಕೆ ಸುಮಾರು 74 ಲಕ್ಷ ಯೂನಿಟ್ ಕೊಟ್ಟರೆ ಒಂದು ಮೆಗಾವ್ಯಾಟ್ ಸೌರ ಕೊಡುವುದು 21 ಲಕ್ಷ. ಹೂಡಿದ ಬಂಡವಾಳವನ್ನು ವರ್ಷಕ್ಕೆ ಬರುವ ಯೂನಿಟ್ಟಿಗೆ ಹಂಚಿದರೆ ಎರಡೂ 20, 21 ರೂಪಾಯಿಯ ಹತ್ತಿರ ಬಂದು ನಿಲ್ಲುತ್ತವೆ. ಅಣುಸ್ಥಾವರ ಸೌರಫಲಕದ ಎರಡು ಪಟ್ಟು ಕಾಲ ಬಾಳುತ್ತದೆ; ಅದಕ್ಕೆ ಇಂಧನ, ಸಿಬ್ಬಂದಿ, ಕಾವಲು, ಕೊನೆಗೆ ಕಳಚಿಹಾಕುವ ಖರ್ಚೂ ಉಂಟು. ಒಟ್ಟಿನಲ್ಲಿ ‘ಅಣು ದುಬಾರಿ, ಸೌರ ಅಗ್ಗ’ ಎಂಬ ಮಾತು ಕಾಗದದ ಮೇಲಿನ ಈ ಅಂದಾಜಿನಲ್ಲಿ ನಿಲ್ಲುವುದಿಲ್ಲ.

ಅದು ನಿಜವಾಗುವುದು ಗಡಿಯಾರ ಕೈಗೆತ್ತಿಕೊಂಡಾಗ. ಗುಜರಾತಿನ ಕಾಕ್ರಪಾರದಲ್ಲಿ ಇದೇ 700 ಮೆಗಾವ್ಯಾಟ್ ಮಾದರಿಯ ಮೊದಲ ಘಟಕದ ಕಾಮಗಾರಿ ಶುರುವಾದದ್ದು 2010ರ ನವೆಂಬರ್‌ನಲ್ಲಿ. ವಾಣಿಜ್ಯ ಉತ್ಪಾದನೆ ಶುರುವಾದದ್ದು 2023ರ ಜೂನ್ 30ರಂದು. ಅಲ್ಲಿನ ಜೋಡಿ ಘಟಕಗಳಿಗೆ ಮೊದಲು ಮಂಜೂರಾಗಿದ್ದ 11,459 ಕೋಟಿ ರೂಪಾಯಿ ಪರಿಷ್ಕರಣೆಯಲ್ಲಿ 16,580 ಕೋಟಿಗೆ ಏರಿತು. ರಾಜಸ್ಥಾನದ ರಾವತ್‌ಭಾಟಾದ ಏಳನೇ ಘಟಕ 2011ರಲ್ಲಿ ಶುರುವಾಗಿ 2025ರಲ್ಲಿ ಗ್ರಿಡ್ ಸೇರಿತು. ಇದು ಭಾರತದ ಕಾಯಿಲೆ ಮಾತ್ರವಲ್ಲ. ಫ್ರಾನ್ಸಿನ ಫ್ಲಾಮನ್‌ವಿಲ್ ಮೂರನೇ ಘಟಕ 2007ರಿಂದ 2024ರ ಡಿಸೆಂಬರ್‌ವರೆಗೆ ಎಳೆಯಿತು, ಫಿನ್ಲೆಂಡಿನ ಓಲ್ಕಿಲುವೊಟೊ 2005ರಿಂದ 2023ರವರೆಗೆ. ಸಾಲ ತಂದು ಕಟ್ಟುವ ಯೋಜನೆಯಲ್ಲಿ ಒಂದು ಯೂನಿಟ್ಟೂ ಮಾರದೆ ಹತ್ತು ಹದಿನಾಲ್ಕು ವರ್ಷ ಬಡ್ಡಿ ಏರಿದರೆ ಮೊದಲ ಅಂದಾಜಿಗೆ ಅರ್ಥವೇ ಉಳಿಯದು. ಪಾವಗಡವನ್ನು ನಡೆಸಲೆಂದು ಕಂಪನಿ ಸ್ಥಾಪನೆಯಾದದ್ದು 2015ರಲ್ಲಿ. ಐದು ವರ್ಷದೊಳಗೆ ಪೂರ್ತಿ ಪಾರ್ಕು ವಿದ್ಯುತ್ ಕೊಡುತ್ತಿತ್ತು. ಅದೂ ಮೊದಲ ಫಲಕಗಳು ಕೊನೆಯ ಫಲಕಗಳಿಗಾಗಿ ಕಾಯದೆ. ಸೌರವಿದ್ಯುತ್ತಿನ ನಿಜವಾದ ಬಲ ಅಗ್ಗದ ಬೆಲೆಗಿಂತ ಈ ವೇಗ.

ನಿಲ್ಲದ ಯಂತ್ರವೂ ನಿಂತಾಗ

ಕೈಗಾ ಅಷ್ಟು ದಿನ ನಿಲ್ಲದೆ ಓಡಿದ್ದಾದರೂ ಹೇಗೆ? ಉತ್ತರ ಅದರ ಹೊಟ್ಟೆಯೊಳಗಿದೆ. ಕೈಗಾದ ರಿಯಾಕ್ಟರ್ ಭಾರಜಲ ಬಳಸುವ, ಸಹಜ ಯುರೇನಿಯಮ್ಮನ್ನೇ ಉರಿಸುವ ಬಗೆಯದು. ಅದರಲ್ಲಿ 306 ಅಡ್ಡ ಕೊಳವೆಗಳಿವೆ. ಒಂದೊಂದರಲ್ಲೂ ಅರ್ಧ ಮೀಟರ್ ಉದ್ದದ, 19 ಕಡ್ಡಿಗಳನ್ನು ಒಟ್ಟು ಬಿಗಿದ ಹನ್ನೆರಡು ಇಂಧನ ಕಟ್ಟುಗಳು ಸಾಲಾಗಿ ಮಲಗಿರುತ್ತವೆ. ಇಂಧನ ತುಂಬುವಾಗ ಕೊಳವೆಯ ಎರಡೂ ತುದಿಗೆ ಒಂದೊಂದು ಯಂತ್ರ ಬಂದು ಕಚ್ಚಿಕೊಳ್ಳುತ್ತದೆ. ಒಂದು ಯಂತ್ರ ಹೊಸ ಕಟ್ಟನ್ನು ಒಳಕ್ಕೆ ತಳ್ಳಿದರೆ, ಇನ್ನೊಂದು ತುದಿಯ ಯಂತ್ರ ಉರಿದು ಮುಗಿದ ಕಟ್ಟನ್ನು ಈಸಿಕೊಳ್ಳುತ್ತದೆ. ಇಷ್ಟೆಲ್ಲ ನಡೆಯುವಾಗ ಟರ್ಬೈನು ತಿರುಗುತ್ತಲೇ ಇರುತ್ತದೆ, ಮನುಷ್ಯರಾರೂ ಹತ್ತಿರ ಸುಳಿಯುವುದಿಲ್ಲ. ಬೇರೆ ಬಗೆಯ ಹೆಚ್ಚಿನ ರಿಯಾಕ್ಟರ್‌ಗಳು ಇಂಧನ ಬದಲಿಸಲು ವರ್ಷಕ್ಕೋ ಒಂದೂವರೆ ವರ್ಷಕ್ಕೋ ಒಮ್ಮೆ ನಿಲ್ಲಲೇಬೇಕು.

ಕುತೂಹಲದ ಸಂಗತಿಯೆಂದರೆ, ದಾಖಲೆ ಮಾಡಿದ ಇದೇ ಒಂದನೇ ಘಟಕದ ಒಳಗುಮ್ಮಟ ಕಟ್ಟುವ ಹಂತದಲ್ಲೇ, 1994ರ ಮೇ 13ರಂದು, ಕಳಚಿಬಿದ್ದಿತ್ತು. ಇಂಧನ ಇನ್ನೂ ಬಂದಿರಲಿಲ್ಲವಾದ್ದರಿಂದ ವಿಕಿರಣದ ಪ್ರಶ್ನೆ ಏಳಲಿಲ್ಲ. ಆದರೆ ವಿನ್ಯಾಸ ತಿದ್ದಿ, ಗುಮ್ಮಟ ಮತ್ತೆ ಕಟ್ಟಿ ಮುಗಿಸುವಷ್ಟರಲ್ಲಿ ವರ್ಷಗಳೇ ಉರುಳಿದವು. ಅದರಿಂದಾಗಿಯೇ ಎರಡನೇ ಘಟಕ 2000ದ ಮಾರ್ಚ್‌ನಲ್ಲಿ ಮೊದಲು ಉತ್ಪಾದನೆಗೆ ಇಳಿಯಿತು, ಒಂದನೆಯದು ಅದೇ ವರ್ಷದ ನವೆಂಬರ್‌ನಲ್ಲಿ ಹಿಂದೆ ಬಂತು.

ಇನ್ನೊಂದು ನಿಲುಗಡೆಯ ಕತೆ ಹೆಚ್ಚು ಮುಖ್ಯ. ಬಿಸಿಲು ಗಾಳಿಗಳನ್ನು ನಂಬುವಂತಿಲ್ಲ, ಅಣು ಮಾತ್ರ ನಂಬಿಗಸ್ತ ಎನ್ನುವವರು 2008ರ ಆಸುಪಾಸಿನ ವರ್ಷಗಳನ್ನು ನೆನೆಯಬೇಕು. ದೇಶದಲ್ಲಿ ಯುರೇನಿಯಮ್ಮಿನ ಅಭಾವ ಎಷ್ಟಿತ್ತೆಂದರೆ ಭಾರಜಲ ರಿಯಾಕ್ಟರ್‌ಗಳು ಅರ್ಧ ಸಾಮರ್ಥ್ಯದಲ್ಲಿ ಏದುತ್ತಿದ್ದವು. ಕೈಗಾದ ನಾಲ್ಕನೇ ಘಟಕ ಕಟ್ಟಿ ಮುಗಿದರೂ ಇಂಧನಕ್ಕಾಗಿ ಕಾಯಿತು; ಅದು ಕ್ರಿಯಾಶೀಲವಾದದ್ದು 2010ರ ನವೆಂಬರ್‌ನಲ್ಲಿ, ವಾಣಿಜ್ಯ ಉತ್ಪಾದನೆಗೆ ಬಂದದ್ದು 2011ರ ಜನವರಿಯಲ್ಲಿ. ಅಣುವ್ಯಾಪಾರಕ್ಕೆ 2008ರಲ್ಲಿ ಸಿಕ್ಕ ಅಂತರರಾಷ್ಟ್ರೀಯ ವಿನಾಯಿತಿಯ ನಂತರ ವಿದೇಶಿ ಯುರೇನಿಯಂ ಬಂತಾದರೂ ಕೈಗಾಕ್ಕೆ ಅದು ಸಿಗಲಿಲ್ಲ. ಕೈಗಾದ ನಾಲ್ಕೂ ಘಟಕಗಳು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ತಪಾಸಣೆಯ ಹೊರಗಿರುವುದರಿಂದ ಅವು ದೇಶೀ ಇಂಧನವನ್ನೇ ನೆಚ್ಚಬೇಕು. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಪತ್ತೆಯಾಗಿ ವರ್ಷಗಳಾಗಿವೆ. ಊರಿನವರು ಗಣಿಗೆ ಒಪ್ಪಿಲ್ಲ. ಮಳೆ ಕೈಕೊಟ್ಟರೆ ಜಲವಿದ್ಯುತ್ತಿಗೆ ಬರ ಬರುವಂತೆ ಗಣಿ ಮತ್ತು ರಾಜತಾಂತ್ರಿಕತೆ ಕೈಕೊಟ್ಟರೆ ಅಣುವಿಗೂ ಬರ ಬರುತ್ತದೆ. ಫ್ರಾನ್ಸಿನಲ್ಲೂ 2022ರಲ್ಲಿ ಕೊಳವೆಗಳಲ್ಲಿ ಬಿರುಕು ಕಂಡು ಒಂದೇ ಸಲಕ್ಕೆ ಹಲವು ಸ್ಥಾವರಗಳನ್ನು ನಿಲ್ಲಿಸಬೇಕಾಗಿ ಬಂತು. ವಿದ್ಯುತ್ ಮಾರುತ್ತಿದ್ದ ದೇಶ ಆ ವರ್ಷ ಕೊಳ್ಳುವ ದೇಶವಾಯಿತು.

ಭಯದ ತೂಕ

ಕನ್ನಡದಲ್ಲಿ ಅಣುವಿದ್ಯುತ್ತಿನ ಚರ್ಚೆಗೆ ನೈತಿಕ ಧ್ವನಿ ಕೊಟ್ಟವರು ಶಿವರಾಮ ಕಾರಂತರು. ಕೈಗಾ ವಿರೋಧಿಸಿ 1989ರ ಲೋಕಸಭಾ ಚುನಾವಣೆಯಲ್ಲಿ ಅವರು ಉತ್ತರ ಕನ್ನಡದಿಂದ ಪಕ್ಷೇತರರಾಗಿ ನಿಂತದ್ದು ಪ್ರಸಿದ್ಧ. 1986ರ ಚೆರ್ನೊಬಿಲ್ ದುರಂತ ಆಗಿನ್ನೂ ಮೂರು ವರ್ಷದ ಹಿಂದಿನ ಮಾತು. ಅಂದು ಕೈಗಾಕ್ಕೆ ಪರ್ಯಾಯವೆಂದರೆ ಇನ್ನೊಂದು ಅಣೆಕಟ್ಟು ಅಥವಾ ಕಲ್ಲಿದ್ದಲು. ಸೌರಫಲಕ ಉಪಗ್ರಹಕ್ಕೂ ಪ್ರಯೋಗಾಲಯಕ್ಕೂ ಸೇರಿದ ವಸ್ತುವಾಗಿತ್ತು. ಆ ಹೋರಾಟವನ್ನು ಇಂದಿನ ಬೆಲೆಪಟ್ಟಿ ಹಿಡಿದು ಅಳೆಯುವುದು ನ್ಯಾಯವಲ್ಲ.

ಹಾಗೆಂದು ಆ ಭಯವನ್ನು ತೂಗದೆ ಬಿಡುವಂತೆಯೂ ಇಲ್ಲ. ಜಗತ್ತಿನ ಅಂಕಿಅಂಶ ಕಲೆಹಾಕಿದ ಅಧ್ಯಯನಗಳ ಪ್ರಕಾರ ಅಪಘಾತ ಮತ್ತು ಹೊಗೆಮಾಲಿನ್ಯ ಸೇರಿಸಿ ಒಂದು ಶತಕೋಟಿ ಯೂನಿಟ್ ವಿದ್ಯುತ್ತಿಗೆ ಕಲ್ಲಿದ್ದಲು ತೆಗೆದುಕೊಳ್ಳುವ ಪ್ರಾಣ ಸುಮಾರು 25. ಅಣು, ಗಾಳಿ, ಸೂರ್ಯ ಮೂರೂ ಒಂದರ ಹತ್ತನೇ ಭಾಗಕ್ಕಿಂತ ಎಷ್ಟೋ ಕೆಳಗೆ. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ 2014ರಲ್ಲಿ ಕೊಟ್ಟ ಲೆಕ್ಕದಲ್ಲಿ ಒಂದು ಯೂನಿಟ್ಟಿಗೆ ಕಲ್ಲಿದ್ದಲು 820 ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಬಿಡುತ್ತದೆ, ದೊಡ್ಡ ಸೌರ ಘಟಕ 48, ಅಣು 12, ನೆಲದ ಮೇಲಿನ ಗಾಳಿಯಂತ್ರ 11. ಈ ಎರಡು ಸಾಲು ಅಂಕಿಗಳ ಮುಂದೆ ಅಣು ಮತ್ತು ನವೀಕರಿಸಬಹುದಾದ ಇಂಧನದ ನಡುವಿನ ಜಗಳ ದಾಯಾದಿ ಕಲಹದಂತೆ ಕಾಣುತ್ತದೆ. ಇಬ್ಬರಿಗೂ ಎದುರಾಳಿಯಾಗಿ ರಾಯಚೂರು, ಬಳ್ಳಾರಿಯ ಕಲ್ಲಿದ್ದಲ ಚಿಮಣಿಗಳು ನಿಂತಿವೆ.

ಆದರೂ ಅಣುವಿನ ಅಪಾಯದ ಸ್ವರೂಪವೇ ಬೇರೆ. ಫುಕುಶಿಮಾದಲ್ಲಿ ವಿಕಿರಣದಿಂದ ಸತ್ತವರಿಗಿಂತ ಊರು ಬಿಟ್ಟು ಓಡಿದ ಸಂಕಟದಲ್ಲಿ ಸತ್ತವರೇ ಬಹುಪಾಲು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆಮಠ ತೊರೆದರು. ಸರಾಸರಿಯಲ್ಲಿ ಚಿಕ್ಕದಾಗಿ ಕಾಣುವ ಅಪಾಯ ಒಂದೇ ಜಾಗದಲ್ಲಿ, ಒಂದೇ ದಿನ, ಒಂದಿಡೀ ಜಿಲ್ಲೆಯ ಮೇಲೆ ಬೀಳಬಹುದು. ಕೈಗಾದಲ್ಲೇ 2009ರ ನವೆಂಬರ್‌ನಲ್ಲಿ ಯಾರೋ ಟ್ರೀಷಿಯಂ ಬೆರೆತ ಭಾರಜಲವನ್ನು ಕುಡಿಯುವ ನೀರಿನ ಕೂಲರ್‌ಗೆ ಸುರಿದರು. ಐವತ್ತಕ್ಕೂ ಹೆಚ್ಚು ಸಿಬ್ಬಂದಿಯ ದೇಹಕ್ಕೆ ಅದು ಸೇರಿತು. ಸ್ಥಾವರದಿಂದ ಹೊರಗೆ ಏನೂ ಸೋರಲಿಲ್ಲ, ಸಾವೂ ಆಗಲಿಲ್ಲ. ಯಂತ್ರ ಸರಿಯಿದ್ದರೂ ಒಬ್ಬ ಮನುಷ್ಯನ ದ್ವೇಷವನ್ನು ವಿನ್ಯಾಸದಲ್ಲಿ ಲೆಕ್ಕ ಹಿಡಿಯುವುದು ಕಷ್ಟ ಎಂಬುದಕ್ಕೆ ಅದು ಸಾಕ್ಷಿ. ಸೌರಫಲಕಕ್ಕೆ ಯಾರಾದರೂ ಕಲ್ಲು ಹೊಡೆದರೆ ಒಡೆಯುವುದು ಒಂದು ಗಾಜು.

ತ್ಯಾಜ್ಯದ ಮಾತಿಗೆ ಬಂದರೆ ಕೋಲಾರದ ಚಿನ್ನದ ಗಣಿ ನೆನಪಾಗುತ್ತದೆ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ನೂರು ಕಿಲೋಮೀಟರಿಗೂ ಹೆಚ್ಚು ದೂರ ತಂತಿಯಲ್ಲಿ ಹರಿದು ಮೊದಲು ತಲುಪಿದ್ದು ಅಲ್ಲಿಗೆ. ಬೆಂಗಳೂರಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ನೂರಾಹತ್ತು ವರ್ಷಗಳ ನಂತರ, 2012ರಲ್ಲಿ, ಕೂಡಂಕುಳಂ ಅಣುಸ್ಥಾವರದ ಮೊಕದ್ದಮೆಯ ವೇಳೆ ಅದೇ ಮುಚ್ಚಿದ ಗಣಿಯ ಹೆಸರು ಅಣುತ್ಯಾಜ್ಯದ ಜತೆ ಕೇಳಿಬಂತು. ಕೆ.ಜಿ.ಎಫ್. ರೊಚ್ಚಿಗೆದ್ದಿತು, ಕೇಂದ್ರ ಅಂಥ ಉದ್ದೇಶವಿಲ್ಲ ಎಂದು ಹಿಂದೆ ಸರಿಯಿತು. ಉರಿದ ಇಂಧನವನ್ನು ಮರುಸಂಸ್ಕರಿಸಿ, ಉಳಿದ ತೀವ್ರ ತ್ಯಾಜ್ಯವನ್ನು ಗಾಜಿನಲ್ಲಿ ಹುದುಗಿಸುವ ತಂತ್ರ ಭಾರತಕ್ಕೆ ಚೆನ್ನಾಗಿ ಗೊತ್ತಿದೆ. ಆ ಗಾಜನ್ನು ಶಾಶ್ವತವಾಗಿ ಇಡುವ ಆಳದ ಗುಂಡಿ ಮಾತ್ರ ದೇಶದ ಯಾವ ಮೂಲೆಯಲ್ಲೂ ಇನ್ನೂ ಇಲ್ಲ. ಸೌರವೂ ಪೂರ್ತಿ ನಿಷ್ಕಳಂಕವೇನಲ್ಲ. 2022ರ ಇ–ತ್ಯಾಜ್ಯ ನಿಯಮಗಳು ಫಲಕಗಳನ್ನೂ ತಮ್ಮ ವ್ಯಾಪ್ತಿಗೆ ತಂದಿವೆ. ಪಾವಗಡದ ಲಕ್ಷಾಂತರ ಫಲಕಗಳು ಒಟ್ಟೊಟ್ಟಿಗೆ ಮುಪ್ಪಾಗುವ ಕಾಲಕ್ಕೆ ಆ ನಿಯಮಗಳ ನಿಜವಾದ ಪರೀಕ್ಷೆ ನಡೆಯುತ್ತದೆ.

ಗುತ್ತಿಗೆಗೆ ಕೊಟ್ಟ ಹೊಲ

ಪಾವಗಡದ ನಾಗಲಮಡಿಕೆ ಹೋಬಳಿಯ ಐದು ಊರುಗಳಲ್ಲಿ, ಅಂದರೆ ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲುಗಳಲ್ಲಿ, ಸುಮಾರು 13,000 ಎಕರೆ ಹೊಲ ಈಗ ನೀಲಿ ಫಲಕಗಳ ಕೆಳಗಿದೆ. ಈ ಯೋಜನೆಯ ದೊಡ್ಡ ಜಾಣತನವೆಂದರೆ ಜಮೀನನ್ನು ಸ್ವಾಧೀನ ಮಾಡಿಕೊಳ್ಳದೆ ಗುತ್ತಿಗೆ ಹಿಡಿದದ್ದು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ, 28 ವರ್ಷದ ಕರಾರು. ಪಹಣಿಯಲ್ಲಿ ಹೆಸರು ರೈತನದೇ. ಕೊಳವೆಬಾವಿ ಬತ್ತಿ, ಶೇಂಗಾ ಬಿತ್ತಿದ ಬೀಜವೂ ವಾಪಸ್ಸು ಬಾರದ ವರ್ಷಗಳನ್ನು ಕಂಡ ರೈತನಿಗೆ ಇದು ಬ್ಯಾಂಕಿಗೆ ಬಂದು ಬೀಳುವ ಖಾತ್ರಿ ಹಣ. ಕಾಳಿ, ಶರಾವತಿ ಕಣಿವೆಗಳಲ್ಲಿ ಪರಿಹಾರದ ಕಡತ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದ ಕುಟುಂಬಗಳಿಗೆ ಹೋಲಿಸಿದರೆ ಇದು ಎಷ್ಟೋ ಮರ್ಯಾದೆಯ ಒಪ್ಪಂದ.

ಮರ್ಯಾದೆ ಸಿಕ್ಕಿದ್ದು ಜಮೀನು ಇದ್ದವರಿಗೆ. ಕಳೆ ಕೀಳಲು, ಕಾಯಿ ಬಿಡಿಸಲು ಹೋಗುತ್ತಿದ್ದ ಭೂಹೀನ ಕೂಲಿಯವರಿಗೆ ಗುತ್ತಿಗೆಯಲ್ಲಿ ಪಾಲಿಲ್ಲ. ಪಾರ್ಕಿನೊಳಗೆ ಸಿಗುವ ಕೆಲಸವೆಂದರೆ ಫಲಕ ಒರೆಸುವುದು, ಹುಲ್ಲು ಸವರುವುದು, ಕಾವಲು ಕಾಯುವುದು. ಅದೂ ಎಲ್ಲರಿಗೂ ಇಲ್ಲ. ಬೇಲಿ ಬಿದ್ದ ಮೇಲೆ ಕುರಿ ಮೇಯುವ ದಾರಿಗಳೂ ಮುಚ್ಚಿದವು. ಕೈಗಾದ ನಾಲ್ಕು ಘಟಕಗಳಷ್ಟು ವಿದ್ಯುತ್ತನ್ನು ಸೌರದಿಂದಲೇ ಪಡೆಯಬೇಕಾದರೆ ಪಾವಗಡದಂಥ ಒಂದೂವರೆ ಪಾರ್ಕು, ಅಂದರೆ ಇಪ್ಪತ್ತು ಸಾವಿರ ಎಕರೆ ಬೇಕು. ಬರಡು ನೆಲ ಎಂದು ಕರೆದುಬಿಟ್ಟರೆ ಅದನ್ನು ನಂಬಿದವರು ಯಾರೂ ಇಲ್ಲವೆಂದಲ್ಲ. ಮುಂದಿನ ಪಾರ್ಕುಗಳ ಕರಾರಿನಲ್ಲಿ ಕೂಲಿಯವರಿಗೂ ಒಂದು ಕಲಂ ಇರಬೇಕು.

ಹಗಲು ಹರಿಯುವ ನೀರು, ರಾತ್ರಿ ಉರಿಯುವ ದೀಪ

ಸೂರ್ಯ ಮುಳುಗಿದ ಮೇಲೇನು ಎಂಬುದು ಸೌರದ ಮೇಲಿನ ಹಳೆಯ ಆಕ್ಷೇಪ. ಕರ್ನಾಟಕ ಇದಕ್ಕೆ ಅರ್ಧ ಉತ್ತರವನ್ನು ಸದ್ದಿಲ್ಲದೆ ಕಂಡುಕೊಂಡಿತು: ವಿದ್ಯುತ್ತನ್ನು ರಾತ್ರಿಗೆ ಒಯ್ಯುವ ಬದಲು ಬೇಡಿಕೆಯನ್ನೇ ಹಗಲಿಗೆ ಎಳೆದು ತಂದಿತು. ಹಿಂದೆ ತ್ರೀಫೇಸ್ ಕರೆಂಟು ನಡುರಾತ್ರಿ ಬರುತ್ತಿತ್ತು. ರೈತ ಟಾರ್ಚು ಹಿಡಿದು, ಹಾವು ಚೇಳಿಗೆ ಹೆದರಿ ಹೊಲಕ್ಕೆ ಹೋಗಿ ಮೋಟಾರು ಹಾಕಬೇಕಿತ್ತು. ಅದು ತಪ್ಪಲೆಂದೇ ಹಲವರು ಆಟೊಸ್ಟಾರ್ಟರ್ ಕೂರಿಸಿಕೊಂಡು, ಕರೆಂಟು ಬಂದಾಗ ಪಂಪು ತಾನೇ ಓಡಿ ನೀರು ಬದುವಿನಾಚೆ ಹರಿದರೂ ಮಲಗಿರುತ್ತಿದ್ದರು. ಈಗ ಪಂಪ್‌ಸೆಟ್ಟಿನ ಹೊರೆಯ ದೊಡ್ಡ ಪಾಲು ಬಿಸಿಲಿನ ಹೊತ್ತಿಗೆ ಸರಿದಿದೆ. ರಾಜ್ಯದ ಅತಿಹೆಚ್ಚು ಬೇಡಿಕೆ ಸಂಜೆಯ ಬದಲು ಬೆಳಗಿನ ಹೊತ್ತು ದಾಖಲಾಗುವುದಕ್ಕೆ ಇದೇ ಮುಖ್ಯ ಕಾರಣ. ಒಂದು ಬ್ಯಾಟರಿಯೂ ಇಲ್ಲದೆ ಬಿಸಿಲನ್ನು ಹೊಲದ ನೀರಾಗಿಸಿದ ಈ ಬದಲಾವಣೆಯ ಬಗ್ಗೆ ವಿದ್ವತ್ ಲೋಕದಲ್ಲಿ ಆಗಬೇಕಾದಷ್ಟು ಅಧ್ಯಯನ ಆಗಿಲ್ಲ.

ಉಳಿದ ಅರ್ಧವೇ ಕಷ್ಟದ್ದು. ಸಂಜೆ ಆರರಿಂದ ಹತ್ತರವರೆಗಿನ ಮನೆಬಳಕೆಯನ್ನು ಇದುವರೆಗೆ ಹೊತ್ತವರು ಶರಾವತಿ, ವಾರಾಹಿ, ನಾಗಝರಿಯ ಜಲವಿದ್ಯುತ್ ಕೇಂದ್ರಗಳು. ನೀರಿನ ಟರ್ಬೈನನ್ನು ನಿಮಿಷಗಳಲ್ಲಿ ಏರಿಸಿ ಇಳಿಸಬಹುದು. 2020ರ ಏಪ್ರಿಲ್ 5ರ ರಾತ್ರಿ ದೇಶವಿಡೀ ಒಂಬತ್ತು ನಿಮಿಷ ದೀಪ ಆರಿಸಿದಾಗ 31 ಸಾವಿರ ಮೆಗಾವ್ಯಾಟ್ ಕುಸಿತವನ್ನು ಗ್ರಿಡ್ ತಾಳಿಕೊಂಡದ್ದು ಹೆಚ್ಚಾಗಿ ಜಲವಿದ್ಯುತ್ತಿನ ಚುರುಕಿನಿಂದ. ಕೈಗಾಕ್ಕೆ ಈ ಚುರುಕಿಲ್ಲ. ಹಗಲೂ ರಾತ್ರಿ ಒಂದೇ ಮಟ್ಟದಲ್ಲಿ ಓಡುವುದರಲ್ಲೇ ಅದರ ಲಾಭ. ಹಾಗಾಗಿ ಸೌರವಿದ್ಯುತ್ತು ಹೆಚ್ಚಾದ ಮಧ್ಯಾಹ್ನ ಅದು ಜಾಗ ಬಿಟ್ಟುಕೊಡುವುದಿಲ್ಲ, ಸಂಜೆಯ ಏರಿಕೆಗೆ ಹೆಚ್ಚುವರಿಯಾಗಿ ಏನೂ ಕೊಡುವುದೂ ಇಲ್ಲ.

2023 ಈ ವ್ಯವಸ್ಥೆಯ ಪರೀಕ್ಷೆಯ ವರ್ಷ. ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅಕ್ಟೋಬರ್‌ನಲ್ಲಿ ಬೇಡಿಕೆ 15 ಸಾವಿರ ಮೆಗಾವ್ಯಾಟ್ ದಾಟಿತು; ಮಳೆಗಾಲದ ಗಾಳಿ ನಿಂತು ಚಿತ್ರದುರ್ಗ, ಗದಗದ ಗಾಳಿಯಂತ್ರಗಳು ಸುಮ್ಮನಾಗಿದ್ದವು; ಜಲಾಶಯಗಳ ನೀರನ್ನು ಬೇಸಿಗೆಗೆ ಉಳಿಸಬೇಕಿತ್ತು. ಪಂಪ್‌ಸೆಟ್ಟಿಗೆ ಏಳು ಗಂಟೆ ಬದಲು ಐದು ಗಂಟೆ ಎಂಬ ಮಾತು ಬಂತು, ಉತ್ತರದ ರಾಜ್ಯಗಳಿಂದ ಕರೆಂಟು ಎರವಲು ತಂದದ್ದಾಯಿತು. ಆ ತಿಂಗಳು ಕೈಗಾ ತನ್ನ ಪಾಡಿಗೆ ತಾನು ಓಡುತ್ತಿತ್ತು. ಆದರೆ ಅದರ 880 ಮೆಗಾವ್ಯಾಟ್ ಆ ಬೇಡಿಕೆಯ ಶೇ. 6ರಷ್ಟು ಕೂಡ ಆಗದು. ಅದೂ ಕೇಂದ್ರದ ಸ್ಥಾವರವಾದ್ದರಿಂದ ದಕ್ಷಿಣದ ಇತರ ರಾಜ್ಯಗಳ ಜತೆ ಹಂಚಿಕೊಳ್ಳುವಂಥದ್ದು. ಬ್ಯಾಟರಿಗಳಿದ್ದಿದ್ದರೂ ಅವು ಮಧ್ಯಾಹ್ನವನ್ನು ಸಂಜೆಗೆ ದಾಟಿಸುತ್ತಿದ್ದವೇ ಹೊರತು ಜುಲೈಯನ್ನು ಅಕ್ಟೋಬರ್‌ಗೆ ದಾಟಿಸುತ್ತಿರಲಿಲ್ಲ. ಋತುವಿನ ಬರಕ್ಕೆ ಬ್ಯಾಟರಿ ಮದ್ದಲ್ಲ. ಇಲ್ಲಿ ಅಣುವಿನ ಪರವಾದ ಅತ್ಯಂತ ಗಟ್ಟಿ ವಾದವಿದೆ: ಮಳೆ ಬಂದರೂ ಬಾರದಿದ್ದರೂ ಒಂದು ನೆಲಗಟ್ಟು ಬೇಕು. ಕಲ್ಲಿದ್ದಲನ್ನು ಬಿಡುವುದಾದರೆ ಆ ನೆಲಗಟ್ಟಿನ ಒಂದು ಭಾಗವನ್ನು ಅಣುವೇ ಹೊರಬೇಕಾಗುತ್ತದೆ.

ಘಟ್ಟ ಎರಡು ಸಲ ತೆರಬೇಕೆ?

ನವೀಕರಿಸಬಹುದಾದ ಇಂಧನದ ಹೆಸರಿನಲ್ಲಿ ಈಗ ಮುಂದಿರುವ ದೊಡ್ಡ ಯೋಜನೆ ಶರಾವತಿ ಪಂಪ್ಡ್ ಸ್ಟೋರೇಜ್. ಮೇಲಿನ ತಳಕಳಲೆ ಮತ್ತು ಕೆಳಗಿನ ಗೇರುಸೊಪ್ಪ ಜಲಾಶಯಗಳ ನಡುವೆ ಬೆಟ್ಟ ಕೊರೆದು, ವಿದ್ಯುತ್ ಹೆಚ್ಚಿದ್ದಾಗ ನೀರನ್ನು ಮೇಲೆತ್ತಿ, ಬೇಕಾದಾಗ ಕೆಳಗಿಳಿಸಿ 2,000 ಮೆಗಾವ್ಯಾಟ್ ತೆಗೆಯುವ ಉದ್ದೇಶ. ತಂತ್ರ ಹಳೆಯದು, ನಂಬಲರ್ಹ. ಎತ್ತಲು ಹಾಕಿದ ವಿದ್ಯುತ್ತಿನ ಮುಕ್ಕಾಲು ಪಾಲಾದರೂ ವಾಪಸ್ಸು ಸಿಗುತ್ತದೆ. ತೊಡಕಿರುವುದು ಜಾಗದಲ್ಲಿ. ಅದು 2019ರಲ್ಲಿ ಘೋಷಣೆಯಾದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ. ಬೇಕಾಗುವ ಅರಣ್ಯಭೂಮಿ 50 ಹೆಕ್ಟೇರಿಗೂ ಹೆಚ್ಚು. ಲಿಂಗನಮಕ್ಕಿ ಜಲಾಶಯದಲ್ಲಿ ನೆಲ ಮುಳುಗಿದವರ ಭೂಹಕ್ಕಿನ ಪ್ರಶ್ನೆ ಅರವತ್ತು ವರ್ಷ ಕಳೆದರೂ ಇತ್ಯರ್ಥವಾಗದ ಕಣಿವೆ ಅದು.

ಹೀಗಾಗಿ ಕರ್ನಾಟಕದಲ್ಲಿ ಅಣು ಮತ್ತು ನವೀಕರಿಸಬಹುದಾದ ಇಂಧನದ ತೂಕ ಕಡೆಗೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ: ಪಶ್ಚಿಮಘಟ್ಟಕ್ಕೆ. ಕೈಗಾ ಕಾಳಿಯ ಕಾಡನ್ನು ಕೇಳಿತು, ಸೌರದ ಉಗ್ರಾಣ ಶರಾವತಿಯ ಕಾಡನ್ನು ಕೇಳುತ್ತಿದೆ. ‘ಹಸಿರು’ ಎಂಬ ಹಣೆಪಟ್ಟಿ ಹಚ್ಚಿದ ಮಾತ್ರಕ್ಕೆ ಎರಡನೆಯ ಬೇಡಿಕೆ ಹಗುರವಾಗುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟೆಯಿಂದ ಬಿಟ್ಟ ನೀರು ಕಾಳಿ ದಡದ ಊರುಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಈ ಕಣಿವೆಗಳ ತಾಳಿಕೆಗೂ ಮಿತಿಯಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇಷ್ಟನ್ನು ಒಟ್ಟಿಗೆ ಇಟ್ಟುಕೊಂಡು ಆದ್ಯತೆ ಗೊತ್ತುಮಾಡಬೇಕು. ಸಂಜೆಯ ನಾಲ್ಕು ಗಂಟೆಗಳ ಬೇಡಿಕೆಗಾಗಿ ಬೆಟ್ಟ ಕೊರೆಯುವ ಅಗತ್ಯ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಬರೀ ಸೌರವಿದ್ಯುತ್ತಿಗೆ ಯೂನಿಟ್ಟಿಗೆ 2.44 ರೂಪಾಯಿ ಬಂದಾಗ ದೇಶ ಬೆರಗಾಗಿತ್ತು; 2025ರಲ್ಲಿ ಮಧ್ಯಪ್ರದೇಶದ ಮೊರೇನಾದ ಹರಾಜಿನಲ್ಲಿ ಬ್ಯಾಟರಿಯೂ ಸೇರಿ 2.70 ರೂಪಾಯಿ ಬಂತು. ಪಾವಗಡದ ಉಪಕೇಂದ್ರಗಳ ಪಕ್ಕದಲ್ಲೇ ಬ್ಯಾಟರಿ ಕೂರಿಸಿದರೆ ಹೊಸ ಕಾಡೂ ಬೇಡ; ಹಗಲು ಮಾತ್ರ ದುಡಿಯುವ ಅಲ್ಲಿನ ತಂತಿಗಳಿಗೆ ಸಂಜೆಯೂ ಕೆಲಸ ಸಿಗುತ್ತದೆ. ಅದು ಮೊದಲ ಕೆಲಸ. ಋತುವಿನ ನೆಲಗಟ್ಟಿಗೆ, ಈಗಾಗಲೇ ಸ್ಥಾವರವಿರುವ ಜಾಗದಲ್ಲಿ ಬರುವ ಕೈಗಾ ಐದು ಮತ್ತು ಆರನ್ನು ಹೇಳಿದ ಕಾಲಕ್ಕೆ ಮುಗಿಸುವುದು ಎರಡನೆಯದು; ಅಲ್ಲೂ ಮರ ಬೀಳುತ್ತವೆ, ಆದರೆ ಹೊಸ ಕಣಿವೆ ತೆರೆಯುವುದಿಲ್ಲ. ಶರಾವತಿಯ ಸುರಂಗ ಈ ಎರಡೂ ಸಾಲದೆಂದು ಅಂಕಿಗಳೇ ತೋರಿಸಿದ ಮೇಲೆ, ಕಟ್ಟಕಡೆಗೆ ಪರಿಗಣಿಸುವ ವಿಚಾರ.

2025ರ ಬಜೆಟ್ಟು 2047ಕ್ಕೆ ಒಂದು ಲಕ್ಷ ಮೆಗಾವ್ಯಾಟ್ ಅಣುವಿದ್ಯುತ್ತಿನ ಗುರಿ ಇಟ್ಟಿದೆ. ದೇಶದಲ್ಲಿ ಆಗ ಇದ್ದದ್ದು ಒಂಬತ್ತು ಸಾವಿರಕ್ಕೂ ಕಡಿಮೆ, ಒಟ್ಟು ವಿದ್ಯುತ್ತಿನಲ್ಲಿ ಅದರ ಪಾಲು ಶೇ. 3ರಷ್ಟು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ ಖಾಸಗಿಯವರಿಗೂ ಬಾಗಿಲು ತೆರೆದಿದೆ. ಬಾಗಿಲು ತೆರೆದಷ್ಟು ಬೇಗ ಸ್ಥಾವರ ಏಳುವುದಿಲ್ಲ ಎಂಬುದನ್ನು ಕಾಕ್ರಪಾರದ ಹದಿಮೂರು ವರ್ಷ ಹೇಳುತ್ತವೆ. ಕರ್ನಾಟಕದ ಬೇಡಿಕೆಯಾದರೋ 2024ರ ಮಾರ್ಚ್‌ನಲ್ಲೇ 17 ಸಾವಿರ ಮೆಗಾವ್ಯಾಟ್ ದಾಟಿದೆ. ಈ ದಶಕದ ಉಳಿದ ಬೇಸಿಗೆಗಳನ್ನು ಬಿಸಿಲು, ಗಾಳಿ ಮತ್ತು ಬ್ಯಾಟರಿಯಿಂದಲೇ ದಾಟಬೇಕಾಗಿದೆ. ಕೈಗಾದ ಹೊಸ ಘಟಕಗಳ ವಿದ್ಯುತ್ತು ಆ ಬೇಸಿಗೆಗಳಿಗೆ ಒದಗುವುದಿಲ್ಲ.